ಮೇಜಿನ ಮೇಲೆ ಎಂಟು ಫೋನು

ಆ ಪತ್ರಕ್ಕೆ ನನ್ನ ಸಹಿಯೊಂದೇ ಬಾಕಿ ಇತ್ತು. ಬೆಳಗಾವಿಯ ಒಂದು ಸಣ್ಣ ಎರಕದ ಕಾರ್ಖಾನೆಗೆ ಹೋಗಬೇಕಾದ ಪತ್ರ. ನಿಮ್ಮ ಎರಕದಲ್ಲಿ ತೂತುಗಳಿವೆ, ಬರುವ ಸೋಮವಾರದಿಂದ ನಿಮ್ಮ ಮಾಲು ನಮಗೆ ಬೇಡ ಎನ್ನುವುದು ಅದರ ಸಾರ. ಕ್ವಾಲಿಟಿ ವಿಭಾಗದ ಮುಖ್ಯಸ್ಥೆಯಾಗಿ ಸಹಿ ಹಾಕಬೇಕಾದವಳು ನಾನು. ಅಂದು ಮಂಗಳವಾರ. ಶುಕ್ರವಾರದೊಳಗೆ ಕಳಿಸಿ ಎಂದು ಪ್ಲಾಂಟ್ ಹೆಡ್ ಹೇಳಿದ್ದರು.

ಪುಣೆ ಪಕ್ಕದ ಚಿಂಚವಾಡದ ನಮ್ಮ ಕಾರ್ಖಾನೆಯಲ್ಲಿ ಕಾರಿನ ನೀರಿನ ಪಂಪಿಗೆ ಬೇಕಾದ ಅಲ್ಯುಮಿನಿಯಂ ಕವಚ ತಯಾರಾಗುತ್ತದೆ. ಬೆಳಗಾವಿಯಿಂದ ಎರಕ ಬರುತ್ತದೆ. ಅದನ್ನು ಎರಡು ಮಷಿನ್‌ಗಳಲ್ಲಿ ಕೊರೆದು, ಬಿಸಿ ಸಾಬೂನು ನೀರಿನಲ್ಲಿ ತೊಳೆದು, ಒಳಗೆ ಗಾಳಿ ತುಂಬಿ ಸೋರುತ್ತದೆಯೇ ಎಂದು ಪರೀಕ್ಷಿಸಿ, ಪ್ಯಾಕ್ ಮಾಡುತ್ತೇವೆ. ಗಾಳಿ ತುಂಬಿ ಬಾಯಿ ಮುಚ್ಚಿದ ಮೇಲೆ ಕೆಲವು ಸೆಕೆಂಡು ಒತ್ತಡ ಹಾಗೇ ನಿಲ್ಲಬೇಕು. ಇಳಿದರೆ ಕೆಂಪು ದೀಪ ಹತ್ತುತ್ತದೆ, ಆ ಕವಚ ಬೀಗ ಹಾಕಿದ ಕೆಂಪು ಡಬ್ಬಕ್ಕೆ ಹೋಗುತ್ತದೆ. ಅದನ್ನು ಮತ್ತೆ ಪರೀಕ್ಷಿಸುವಂತಿಲ್ಲ. ಪಾಸಾಗುವ ತನಕ ತಿರುಗಿ ತಿರುಗಿ ಪರೀಕ್ಷೆ ಮಾಡಿ ಮಾಲು ಸಾಗಹಾಕಬಾರದು ಎಂದು ಗಿರಾಕಿ ಕಂಪನಿಯವರು ಹಾಕಿದ ನಿಯಮ ಅದು. ಆರು ವಾರಗಳಿಂದ ಆ ಡಬ್ಬ ದಿನಕ್ಕೆ ಎರಡು ಸಲ ತುಂಬುತ್ತಿತ್ತು.

ಕೆಲವನ್ನು ಸೀಳಿ ನೋಡಿದ್ದೆವು. ಸಾಸಿವೆಗಿಂತ ಸಣ್ಣ ತೂತುಗಳು ಕಂಡವು. ಎರಕ ಎಂದಮೇಲೆ ಅಷ್ಟು ಇದ್ದೇ ಇರುತ್ತದೆ, ಪಾಸಾದದ್ದನ್ನು ಸೀಳಿದರೂ ಕಾಣುತ್ತದೆ. ಆದರೆ ಯಾರ ತಲೆಗಾದರೂ ಕಟ್ಟಬೇಕು ಎಂದು ಹೊರಟವರಿಗೆ ಸಾಸಿವೆ ಗಾತ್ರದ್ದು ಧಾರಾಳ ಸಾಕು.

ನಮ್ಮ ಮೀಟಿಂಗು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ, ಮಹಡಿಯ ಮೇಲೆ. ಬಾಗಿಲ ಬಳಿ ಒಂದು ನೀಲಿ ಪ್ಲಾಸ್ಟಿಕ್ ಕ್ರೇಟು. ಒಳಗೆ ಹೋಗುವವರೆಲ್ಲ ಅದರಲ್ಲಿ ಫೋನ್ ಹಾಕಿ ಹೋಗಬೇಕು. ಅದಕ್ಕೂ ಮೊದಲು ಗೇಟಿನಲ್ಲಿ ಸೆಕ್ಯುರಿಟಿಯವರು ಕ್ಯಾಮೆರಾ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿರುತ್ತಾರೆ. ಮೀಟಿಂಗಿನಲ್ಲಿ ಫೋನ್ ಇರುತ್ತಿದ್ದದ್ದು ಪ್ಲಾಂಟ್ ಹೆಡ್ ಒಬ್ಬರ ಮುಂದೆ ಮಾತ್ರ. ಬೆಳಗಾವಿಯ ಎರಕದ ಮಾಲೀಕರು ಅದರ ಸ್ಪೀಕರಿನಲ್ಲಿ ಬರುತ್ತಿದ್ದರು. ಆರು ವಾರಗಳಿಂದ ಆ ಮನುಷ್ಯ ದಿನಾ ಬೆಳಿಗ್ಗೆ ಎಂಟೂವರೆಗೆ ತಪ್ಪದೆ ಬೈಸಿಕೊಳ್ಳುತ್ತಿದ್ದರು. ಅವರ ಮುಖವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿಯೂ ಇರಲಿಲ್ಲ.

ಮಂಗಳವಾರದ ಮೀಟಿಂಗಿನಲ್ಲಿ ಎಲ್ಲರೂ ಮರಾಠಿಯಲ್ಲಿ ತಮ್ಮ ತಮ್ಮ ತೀರ್ಪು ಕೊಟ್ಟು ಮುಗಿಸಿದ ಮೇಲೆ ಆ ಫೋನಿನಿಂದ ಕನ್ನಡ ಬಂತು.

"ಮೇಡಂ, ನನ್ನ ಮಾಲು ಬಂದ್ ಮಾಡೋದಿದ್ರ ಮಾಡ್ರಿ. ಖರೇನ ನಂದ ತಪ್ಪು ಅಂತ ನಿಮ್ಮ ಮನಸಿಗೆ ಬಂದೈತೇನ್ರಿ? ಅಷ್ಟ ಹೇಳ್ರಿ ಸಾಕು."

ನಾನು ವಿಜಯಪುರದವಳು. ಕನ್ನಡದಲ್ಲಿ ನೇರ ಕೇಳಿದರೆ ಸುಳ್ಳು ಹೇಳಲು ನನಗೆ ಕಷ್ಟ. "ಬಂದಿಲ್ರೀ," ಎಂದೆ. ಮಿಕ್ಕವರು ನನ್ನ ಮುಖ ನೋಡಿದರು. ಏನು ಮಾತಾಡಿದಿರಿ ಎಂದು ಪ್ಲಾಂಟ್ ಹೆಡ್ ಕೇಳಿದರು. ಕಾರಣ ಖಚಿತವಾಗದೆ ಸಹಿ ಹಾಕುವುದಿಲ್ಲ, ಮೂರು ದಿನ ಕೊಡಿ, ಆ ಮೂರು ದಿನ ಲೈನಿನಲ್ಲೂ ಮೀಟಿಂಗಿನಲ್ಲೂ ಫೋನ್ ಬಳಸಲು ಬಿಡಿ ಎಂದು ಮರಾಠಿಯಲ್ಲಿ ಕೇಳಿದೆ.

ಫೋನ್ ಯಾಕೆಂದರೆ, ನಮ್ಮ ಮೀಟಿಂಗಿಗೆ ಬರುತ್ತಿದ್ದದ್ದು ಹಿಂದಿನ ದಿನದ ನೆನಪು. ನಿನ್ನೆ ಹೀಗಿತ್ತು, ಇಲ್ಲ ಹಾಗಿತ್ತು ಎಂದು ಒಂದು ಗಂಟೆ ಜಗಳ. ಯಾರ ಗಂಟಲು ದೊಡ್ಡದೋ ಅವರ ನೆನಪು ನಿಜ. ಲೈನನ್ನೇ ಮಹಡಿಗೆ ತರಬೇಕು ಎಂದು ನನಗೆ ಬಹಳ ದಿನಗಳಿಂದ ಅನಿಸುತ್ತಿತ್ತು.

ಪ್ಲಾಂಟ್ ಹೆಡ್ ಶಿಸ್ತಿನ ಮನುಷ್ಯ, ಪುಣೆಯವರು, ನಿಯಮ ಮುರಿಯುವ ಮಾತೆತ್ತಿದರೆ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಾರೆ. ಅವತ್ತೂ ಒರೆಸಿದರು. ಕೊನೆಗೆ, ಒಂದೇ ಒಂದು ಫೋಟೋ ಕಾರ್ಖಾನೆಯ ಹೊರಗೆ ಹೋದರೂ ಜವಾಬ್ದಾರಿ ನಿಮ್ಮದು ಎಂದು ಬರೆಸಿಕೊಂಡು ಒಪ್ಪಿದರು. ಒಂದು ಪತ್ರಕ್ಕೆ ಸಹಿ ಬೇಡವೆಂದು ಹೋಗಿ ಇನ್ನೊಂದಕ್ಕೆ ಹಾಕಿ ಬಂದೆ.

ಬುಧವಾರ ನನ್ನ ಜಾಣತನ ಎಷ್ಟು ಎಂದು ಗೊತ್ತಾಯಿತು. ಕಾರ್ಖಾನೆಯವರನ್ನು ಮಾತ್ರ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಕಂಡದ್ದನ್ನು ಫೋಟೋ ತೆಗೆದು ಹಾಕಿ ಎಂದಿದ್ದೆ. ಸಂಜೆಯೊಳಗೆ ಫೋಟೋಗಳು ಬಂದು ಬಿದ್ದವು. ಕೊರೆಯುವ ವಿಭಾಗದವರು ಎರಕದ ತೂತಿನ ಫೋಟೋ ಹಾಕಿದರು. ಪ್ಯಾಕಿಂಗಿನವರು ಕೊರೆದ ಜಾಗದ ಗೀರಿನ ಫೋಟೋ ಹಾಕಿದರು. ಬೆಳಗಾವಿಯಿಂದ ನನ್ನೊಬ್ಬಳ ಫೋನಿಗೆ ಅರಿಸಿನ ಕುಂಕುಮ ಹಚ್ಚಿ ಹೂವು ಏರಿಸಿದ ಕುಲುಮೆಯ ಫೋಟೋ ಬಂತು. ಪ್ಲಾಂಟ್ ಹೆಡ್ ಆ ತೂತಿನ ಫೋಟೋದ ಕೆಳಗೆ 'ಇದೇ ಕಾರಣ' ಎಂದು ಬರೆದರು. ಎರಡು ನಿಮಿಷದಲ್ಲಿ ಅದರ ಕೆಳಗೆ ಹನ್ನೊಂದು ಹೆಬ್ಬೆರಳುಗಳು ಎದ್ದು ನಿಂತವು. ಮುಂಚೆ ಮೀಟಿಂಗಿನಲ್ಲಿ ಸುಮ್ಮನೆ ತಲೆಯಾಡಿಸುತ್ತಿದ್ದರು, ಈಗ ಅದಕ್ಕೆ ಪುರಾವೆ ಸಿಕ್ಕಿತ್ತು ಅಷ್ಟೆ.

ಕೊರೆಯುವ ವಿಭಾಗದ ಇನ್‌ಚಾರ್ಜ್ ತುಮಕೂರಿನವನು. ಕ್ಯಾಂಟೀನಿನಲ್ಲಿ ಎದುರು ಬಂದು ಕೂತ.

"ಮೇಡಂ, ಇದು ವರ್ಕೌಟ್ ಆಗಲ್ಲ ಬಿಡಿ. ಎಲ್ರೂ ಅವರವರ ಸೇಫ್ಟಿಗೆ ಫೋಟೋ ತೆಗೀತಾರೆ."

"ನೀವೂ ಅದನ್ನ ಮಾಡೀರಲ್ಲ?"

"ಮಾಡ್ದೆ. ನಾನೊಬ್ನೇ ಸುಮ್ನಿದ್ರೆ ನನ್ ತಲೆಗೇ ಬರತ್ತಲ್ವಾ?"

ಮೈ ಉರಿದುಹೋಯಿತು, ಆದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಫೋಟೋ ಯಾವಾಗ ತೆಗೆಯಬೇಕು, ಯಾವುದನ್ನು ತೆಗೆಯಬೇಕು ಎಂದು ನಾನು ಅವರವರಿಗೇ ಬಿಟ್ಟಿದ್ದೆ. ಕಳ್ಳನನ್ನು ತೋರಿಸಿ ಎಂದರೆ ಯಾರಾದರೂ ಪಕ್ಕದ ಮನೆಯನ್ನೇ ತಾನೆ ತೋರಿಸುವುದು. ಅಲ್ಲಿಯೇ ಕೂತು, ಚಹಾ ತಣ್ಣಗಾಗುವವರೆಗೆ, ಒಂದು ಹಾಳೆಯ ಹಿಂದೆ ಹೊಸ ಕ್ರಮ ಬರೆದೆ. ತುಮಕೂರಿನವನು ಅದರಲ್ಲಿ ಎರಡು ಕಡೆ ತಿದ್ದಿದ. ಗ್ರೂಪನ್ನು ಆಗಲೇ ಅಳಿಸಿದೆ.

ಗುರುವಾರ ಬೆಳಿಗ್ಗೆ ಇಪ್ಪತ್ತು ಎರಕಗಳ ಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಒಂದರಿಂದ ಇಪ್ಪತ್ತರವರೆಗೆ ನಂಬರು ಬರೆದು, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಲೈನಿಗೆ ಬಿಟ್ಟೆವು. ಉಗ್ರಾಣ, ಮೊದಲ ಮಷಿನ್, ಎರಡನೆಯ ಮಷಿನ್, ತೊಳೆಯುವ ಮಷಿನ್, ಗಾಳಿ ಪರೀಕ್ಷೆ, ಪ್ಯಾಕಿಂಗ್: ಒಟ್ಟು ಆರು ಜಾಗ, ಆರು ಫೋನು. ನಂಬರಿನ ಕವಚ ತಮ್ಮ ಜಾಗಕ್ಕೆ ಬಂದಾಗ ಒಂದು ಫೋಟೋ, ಹೊರಡುವಾಗ ಒಂದು ಫೋಟೋ. ತಮ್ಮ ಜಾಗದ್ದು ಮಾತ್ರ. ಯಾರಿಗೂ ಕಳಿಸಬಾರದು, ಏನೂ ಬರೆಯಬಾರದು. ತೆಗೆದ ಹೊತ್ತನ್ನು ಫೋನೇ ಬರೆದಿಟ್ಟುಕೊಳ್ಳುತ್ತದೆ.

ಬುಧವಾರ ಬಿಟ್ಟಿದ್ದ ಸೆಕ್ಯುರಿಟಿಯವರು ಅಂದು ಗೇಟಿನಲ್ಲಿ ಸ್ಟಿಕ್ಕರ್ ಕೀಳಲು ಒಪ್ಪಲಿಲ್ಲ, ಅದಕ್ಕೆ ಅರ್ಧ ಗಂಟೆ ಹೋಯಿತು. ಉಗ್ರಾಣದವರ ಫೋನಿನಲ್ಲಿ ಜಾಗ ತುಂಬಿತ್ತು, ಮೊಮ್ಮಗನ ಜಾವಳದ ವಿಡಿಯೋಗಳನ್ನು ಅಳಿಸಲು ಅವರು ಸುತರಾಂ ಒಪ್ಪದೆ ಬೇರೆ ಫೋನ್ ತರಿಸಿದರು. ತೊಳೆಯುವ ಮಷಿನ್ನಿನ ಅಕ್ಕ ಮಾತ್ರ ಏನೂ ತಕರಾರು ಮಾಡಲಿಲ್ಲ. ಅವರು ಮಹಾರಾಷ್ಟ್ರದ ಗಡಿಯಲ್ಲಿ ಕನ್ನಡ ಮಾತಾಡುವ ಜತ್ತ ಕಡೆಯವರು, ಐವತ್ತರ ಆಸುಪಾಸು, ಗುತ್ತಿಗೆಯ ಮೇಲೆ ಕೆಲಸ ಮಾಡುವವರು. ಗಾಜು ಒಡೆದ ಫೋನನ್ನು ಸೆರಗಿನಿಂದ ಒರೆಸಿ, "ಒಳಗ ಬರೂದ ಒಂದ, ಹೊರಗ ಹೋಗೂದ ಒಂದ, ಹೌದಲ್ರಿ?" ಎಂದು ಕೇಳಿ ಕೆಲಸಕ್ಕೆ ಹತ್ತಿದರು. ಆ ದಿನ ಒಂದೂ ಫೋಟೋ ತಪ್ಪದೆ ತೆಗೆದವರು ಅವರೊಬ್ಬರೇ.

ಶುಕ್ರವಾರ ಬೆಳಿಗ್ಗೆ ನೀಲಿ ಕ್ರೇಟನ್ನು ಬಾಗಿಲ ಹೊರಗಿನಿಂದ ಎತ್ತಿ ತಂದು ಮೇಜಿನ ಮೇಲೆ ಇಟ್ಟೆ. ಒಂದೊಂದೇ ಫೋನ್ ತೆಗೆದು ಲೈನಿನ ಕ್ರಮದಲ್ಲೇ ಸಾಲಾಗಿ ಜೋಡಿಸಿದೆ. ಎಲ್ಲಕ್ಕೂ ಮೊದಲು ಪ್ಲಾಂಟ್ ಹೆಡ್‌ರ ಫೋನು, ಅದರಲ್ಲಿ ಬೆಳಗಾವಿ. ಆಮೇಲೆ ಉಗ್ರಾಣ, ಎರಡು ಮಷಿನ್, ತೊಳೆಯುವುದು, ಗಾಳಿ ಪರೀಕ್ಷೆ, ಪ್ಯಾಕಿಂಗ್. ಒಟ್ಟು ಏಳು.

ನಿಯಮ ಹೇಳಿದೆ. ಕುರ್ಚಿಗಳು ಗೋಡೆಗೆ. ಯಾರೂ ತಮ್ಮ ಫೋನಿನ ಮುಂದೆ ನಿಲ್ಲುವಂತಿಲ್ಲ, ಪಕ್ಕದವರದ್ದನ್ನು ನೋಡಬೇಕು. ಪ್ರತಿ ಫೋಟೋ ತೆಗೆದ ಹೊತ್ತನ್ನು ಹಾಳೆಯ ಮೇಲೆ ಬರೆದು ಮುಂದಿನ ಫೋನಿಗೆ ಸರಿಯಬೇಕು. ಮೇಜಿನ ಸುತ್ತ ಒಂದು ಸುತ್ತು ಮುಗಿಯುವ ತನಕ ಯಾರೂ ಮಾತಾಡಬಾರದು. ಪ್ಲಾಂಟ್ ಹೆಡ್ ಕೂಡ.

ತಮ್ಮ ಫೋನನ್ನು ಇನ್ನೊಬ್ಬರ ಕೈಗೆ ಕೊಡುವುದು ಎಷ್ಟು ಕಷ್ಟ ಎಂದು ಆಗ ನೋಡಿದೆ. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಉಂಡವರು ಪಾಸ್‌ವರ್ಡ್ ಒತ್ತುವಾಗ ಬೆನ್ನು ತಿರುಗಿಸಿದರು. ಎಲ್ಲವನ್ನೂ ಏರೋಪ್ಲೇನ್ ಮೋಡಿಗೆ ಹಾಕಿಸಿದೆ, ಪರದೆ ಆರದ ಹಾಗೆ ಸೆಟ್ಟಿಂಗ್ ಬದಲಿಸಿದೆ. ಬೆಳಗಾವಿಯ ಕರೆ ನಡೆಯುತ್ತಿದ್ದುದರಿಂದ ಪ್ಲಾಂಟ್ ಹೆಡ್‌ರದ್ದು ಮಾತ್ರ ತೆರೆದಿತ್ತು. ಎರಡೇ ನಿಮಿಷದಲ್ಲಿ ಅದರ ಮೇಲೆ, ಬರುವಾಗ ಕೊತ್ತಂಬರಿ ತನ್ನಿ, ನಿನ್ನೆಯಂಥ ಬಾಡಿದ್ದು ಬೇಡ ಎಂಬ ಸಂದೇಶ ಮೂಡಿತು. ಯಾರೂ ನಗಲಿಲ್ಲ. ಪ್ಯಾಕಿಂಗಿನವರು ಮಾತ್ರ ಕೆಮ್ಮಲು ಹೊರಗೆ ಹೋಗಿ ಬಂದರು.

ಸುತ್ತು ಶುರುವಾಯಿತು. ಆರು ವಾರಗಳಲ್ಲಿ ಆ ಕೋಣೆ ಅಷ್ಟು ಮೌನವಾಗಿದ್ದದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಬೆಳಗಾವಿಯಿಂದ ದನಿ ಬಂತು. "ಯಾಕ್ರಿ, ಎಲ್ಲಾರೂ ಸುಮ್ಮನಾದ್ರಿ? ಲೈನ್ ಕಟ್ ಆತೇನ್ರಿ?"

"ಇಲ್ರೀ ಸಾಹೇಬ್ರ, ನೋಡಾಕತ್ತೀವಿ," ಎಂದೆ.

ಇಪ್ಪತ್ತರಲ್ಲಿ ನಾಲ್ಕಕ್ಕೆ ಕೆಂಪು ದೀಪ ಬಂದಿತ್ತು. ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಉಗ್ರಾಣದಲ್ಲಿ ವ್ಯತ್ಯಾಸವಿರಲಿಲ್ಲ, ಮಷಿನ್‌ಗಳಲ್ಲೂ ಇರಲಿಲ್ಲ. ತುಮಕೂರಿನವನು ತೊಳೆಯುವ ಮಷಿನ್ನಿನ ಫೋನಿನ ಮೇಲೆ ಬಗ್ಗಿ ನಿಂತವನು ಮುಂದಕ್ಕೆ ಸರಿಯಲೇ ಇಲ್ಲ.

"ಮೇಡಂ, ಈ ಫೋಟೋದಲ್ಲಿ ಮಸುಕು ಮಸುಕಾಗಿ ಇದ್ಯಲ್ಲ, ಇದು ಗಾಜು ಒಡ್ದಿರೋದಲ್ಲ. ಹಬೆ."

ತೊಳೆದು ಹೊರಬಂದ ಕವಚದಿಂದ ಹಬೆ ಏಳುತ್ತಿತ್ತು. ಪಕ್ಕದ ಫೋನಿನಲ್ಲಿ, ಗಾಳಿ ಪರೀಕ್ಷೆಯ ಫೋಟೋಗಳಲ್ಲಿ, ಕೆಲವು ಕವಚಗಳನ್ನು ಬರಿಗೈಯಲ್ಲಿ ಹಿಡಿದಿದ್ದರು. ಕೆಲವನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಹಿಡಿದಿದ್ದರು. ಎರಡು ಫೋನುಗಳಲ್ಲಿದ್ದ ಹೊತ್ತನ್ನು ಒಂದರಿಂದ ಒಂದು ಕಳೆದು ನೋಡಿದೆವು. ಕೆಂಪು ದೀಪ ಬಂದ ನಾಲ್ಕೂ ತೊಳೆದ ಮೂರು ನಾಲ್ಕು ನಿಮಿಷದೊಳಗೆ ಪರೀಕ್ಷೆಗೆ ಹೋಗಿದ್ದವು. ಬೇಗ ಹೋದವೆಲ್ಲ ಸೋತಿರಲಿಲ್ಲ, ಅದು ನಿಜ. ಆದರೆ ಚಹಾದ ಬಿಡುವೋ ಊಟದ ಬಿಡುವೋ ನಡುವೆ ಬಂದು ಅರ್ಧ ಗಂಟೆ ಸುಮ್ಮನೆ ಕೂತಿದ್ದವುಗಳಲ್ಲಿ ಒಂದೂ ಸೋತಿರಲಿಲ್ಲ.

ಬಿಸಿ ಕವಚದೊಳಗೆ ಗಾಳಿ ತುಂಬಿ ಮುಚ್ಚಿದರೆ, ಪರೀಕ್ಷೆ ನಡೆಯುವಾಗಲೇ ಅದು ಆರತೊಡಗುತ್ತದೆ. ಆರಿದರೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಮಷಿನ್ ಪಾಪ ಏನು ಮಾಡೀತು, ಸೋರುತ್ತಿದೆ ಎಂದು ತಿಳಿದು ಕೆಂಪು ದೀಪ ಹಾಕುತ್ತದೆ. ಇದು ನಮಗೆ ಗೊತ್ತಿಲ್ಲದ ಶಾಸ್ತ್ರವೇನಲ್ಲ, ಅಲ್ಲಿದ್ದವರೆಲ್ಲ ಓದಿದವರೇ. ಆದರೆ ಇಷ್ಟು ವರ್ಷ ಇಲ್ಲದ್ದು ಆರು ವಾರಗಳಿಂದ ಯಾಕೆ? ತೊಳೆಯುವ ಮಷಿನ್ನಿನ ಶಾಖ ಬದಲಾಗಿರಲಿಲ್ಲ, ಸಾಬೂನೂ ಅದೇ.

"ತೊಳೆಯೋರನ್ನೇ ಕೇಳೋಣ," ಎಂದು ತುಮಕೂರಿನವನು ಅಭ್ಯಾಸಬಲದಿಂದ ಕರೆ ಮಾಡಲು ಫೋನಿಗೆ ಕೈ ಹಾಕಿದ. ಅಕ್ಕನ ಫೋನ್ ಅವನ ಮುಂದೆಯೇ ಮೇಜಿನ ಮೇಲಿತ್ತು. ಬೆಳಿಗ್ಗೆ ಅವರಿಂದ ಲಾಕ್ ತೆಗೆಸಿ ಫೋನನ್ನು ಮೀಟಿಂಗಿಗೆ ತಂದಿದ್ದೆ, ಅವರನ್ನು ಕರೆದಿರಲಿಲ್ಲ. ಅದು ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಮೆಟ್ಟಿಲಿಳಿದು ನಾನೇ ಹೋಗಿ ಕರೆತಂದೆ.

ಅಕ್ಕ ಬಾಗಿಲಲ್ಲೇ ನಿಂತರು. ಕೈಯಲ್ಲಿನ ದಪ್ಪ ಕೈಗವಸು ಬಿಚ್ಚಿರಲಿಲ್ಲ.

"ಅಕ್ಕಾ, ತೊಳದದ್ದು ಬಿಸಿ ಇರಾಗನ ಪರೀಕ್ಷಾಕ್ಕ ಹೋಗಾಕತ್ತದ. ಮೊದಲಿಂದನೂ ಹಿಂಗ ಇತ್ತೇನ್ರಿ?"

"ಇಲ್ರೀ ಮೇಡಂ. ಮೊದಲ ಅಲ್ಲೆ ಫ್ಯಾನಿನ ಕೆಳಗ ಒಂದ ಟ್ರಾಲಿ ಇತ್ತರೀ. ತೊಳದದ್ದು ಅದರಾಗ ಇಡತಿದ್ದೆ. ಮೊದಲ ಇಟ್ಟಿದ್ದು ಮೊದಲ ಕಳಸೂದು. ಅದನ್ನ ಒಯ್ದರಲ್ರೀ, ಈಗ ಇಡಾಕ ಜಾಗಾ ಎಲ್ಲೆ ಅದ? ಬಂದ್ಹಂಗ ಮುಂದ ದಬ್ಬತೀನಿ."

"ಯಾರು ಒಯ್ದ್ರು?"

ಅಕ್ಕ ನನ್ನನ್ನು ನೋಡಿದರು.

ಆಗ ನನಗೆ ನೆನಪಾಯಿತು. ಏಳು ವಾರಗಳ ಹಿಂದೆ ಗಿರಾಕಿ ಕಂಪನಿಯವರು ಕಾರ್ಖಾನೆ ನೋಡಲು ಬರುವವರಿದ್ದರು. ಅವರು ಬರುವ ಮೊದಲು ಬೇಡದ ಸಾಮಾನಿಗೆಲ್ಲ ಕೆಂಪು ಚೀಟಿ ಅಂಟಿಸಿ ಹೊರಗೆ ಸಾಗಿಸುವುದು ನಮ್ಮಲ್ಲಿ ಪದ್ಧತಿ. ಚೀಟಿಯ ಕಟ್ಟು ಹಿಡಿದು ತಿರುಗಿದವಳು ನಾನೇ. ನನ್ನ ಫೋನ್ ಜೇಬಿನಲ್ಲಿತ್ತು. ಮೀಟಿಂಗ್ ನಡೆಸುವವಳಲ್ಲವೇ, ಸಾಲಿನಲ್ಲಿ ಇಟ್ಟಿರಲಿಲ್ಲ. ತೆಗೆದು ಹಳೆಯ ಫೋಟೋಗಳನ್ನು ಸರಿಸುತ್ತ ಹೋದೆ. ಸಿಕ್ಕಿತು. 'ಮೊದಲು' ಎಂಬ ಫೋಟೋದಲ್ಲಿ ಫ್ಯಾನಿನ ಕೆಳಗೆ ಎಂಟು ಅಂತಸ್ತಿನ ಹಳೆಯ ಟ್ರಾಲಿ, ಅದರ ತುಂಬ ತೊಳೆದ ಕವಚಗಳು, ಅದರ ಮೇಲೆ ನನ್ನ ಅಕ್ಷರದ ಕೆಂಪು ಚೀಟಿ: ಅನಗತ್ಯ ದಾಸ್ತಾನು. 'ಆಮೇಲೆ' ಎಂಬ ಫೋಟೋದಲ್ಲಿ ಖಾಲಿ ನೆಲ, ಹೊಳೆಯುವ ಹಳದಿ ಗೆರೆ. ಆ ಎರಡು ಫೋಟೋ ತೋರಿಸಿ ಅವತ್ತು ಚಪ್ಪಾಳೆ ತಟ್ಟಿಸಿಕೊಂಡಿದ್ದೆ.

ಟ್ರಾಲಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಅದು ಅಕ್ಕನದೇ ಏರ್ಪಾಟು. ಕೈ ಸುಡುತ್ತದೆಂದು ವರ್ಷಗಳ ಹಿಂದೆ ಅವರೇ ಕೇಳಿ ಇಡಿಸಿಕೊಂಡದ್ದು.

ಫೋನನ್ನು ಜೇಬಿಗೆ ಹಾಕಿಕೊಂಡು, ಟ್ರಾಲಿಯನ್ನು ಯಾರೋ ತೆಗೆದಿದ್ದಾರೆ ಎಂದಷ್ಟೇ ಹೇಳಬಹುದಿತ್ತು. ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಒಂದು ಕ್ಷಣ ಆ ಯೋಚನೆ ಬಂದದ್ದೂ ಹೌದು. ಆದರೆ ಆರು ವಾರ ಬೈಸಿಕೊಂಡ ಮನುಷ್ಯ ಅತ್ತ ಫೋನಿನಲ್ಲಿ ಕೇಳುತ್ತಿದ್ದರು. ತೊಳೆಯುವುದರ ಫೋನಿಗೂ ಪರೀಕ್ಷೆಯ ಫೋನಿಗೂ ನಡುವೆ ಜಾಗ ಮಾಡಿ ನನ್ನ ಫೋನನ್ನು ಇಟ್ಟೆ. ಎಂಟನೆಯದು. ಎಲ್ಲರೂ ಬಗ್ಗಿ ನೋಡಿದರು, ಅಕ್ಷರ ಯಾರದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಕೆಲಸದ ಬದುಕಿನಲ್ಲಿ ಹೆಮ್ಮೆಪಡುವ ಒಂದು ಗಳಿಗೆ ಹೇಳು ಎಂದರೆ ಅದನ್ನೇ ಹೇಳುತ್ತೇನೆ.

ಪ್ಲಾಂಟ್ ಹೆಡ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಟ್ರಾಲಿ ಕುಠೇ ಆಹೇ?" ಎಂದಷ್ಟೇ ಕೇಳಿದರು.

ಟ್ರಾಲಿ ಗುಜರಿ ಶೆಡ್ಡಿನ ಹಿಂದೆ ಇತ್ತು. ತಂದು ತೊಳೆದು ಫ್ಯಾನಿನ ಕೆಳಗೆ ಹೊಸ ಹಳದಿ ಗೆರೆಯ ಮೇಲೆಯೇ ನಿಲ್ಲಿಸಿದೆವು. ಮಧ್ಯಾಹ್ನ ಪ್ರಯೋಗ. ಮೂವತ್ತು ಕವಚಗಳು, ಎಲ್ಲ ಒಂದೇ ದಿನದ ಎರಕ. ಹದಿನೈದನ್ನು ತೊಳೆದು ಹಾಗೇ ಪರೀಕ್ಷಿಸಿದೆವು: ಮೂರಕ್ಕೆ ಕೆಂಪು ದೀಪ. ಹದಿನೈದನ್ನು ಟ್ರಾಲಿಯಲ್ಲಿ ಇಪ್ಪತ್ತೈದು ನಿಮಿಷ ಆರಿಸಿ ಪರೀಕ್ಷಿಸಿದೆವು: ಒಂದೂ ಇಲ್ಲ. ಗಿರಾಕಿ ಕಂಪನಿಯ ವಿಶೇಷ ಅನುಮತಿ ಪಡೆದು ಕೆಂಪು ದೀಪದ ಆ ಮೂರನ್ನೂ ಆರಿಸಿ, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ಪ್ಲಾಂಟ್ ಹೆಡ್, ತುಮಕೂರಿನವನು, ಅಕ್ಕ, ನಾನು ತೊಟ್ಟಿಯ ಸುತ್ತ ನಿಂತು ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

ನಾನು ಅಲ್ಲಿಂದಲೇ ಬೆಳಗಾವಿಗೆ ವಿಡಿಯೋ ಕರೆ ಮಾಡಿ ಫೋನನ್ನು ತೊಟ್ಟಿಯ ಕಡೆ ತಿರುಗಿಸಿ ಹಿಡಿದೆ. ಅವರ ಮುಖವನ್ನು ನಾನೂ ಆಗಲೇ ಮೊದಲು ನೋಡಿದ್ದು. ಬಿಳಿ ಮೀಸೆ, ಹಣೆಯ ಮೇಲೆ ಮಸಿ. ಬಹಳ ಹೊತ್ತು ಆ ನೀರನ್ನೇ ನೋಡಿದರು.

"ಭಾಳ ಚಲೋ ಆತ್ರಿ ಮೇಡಂ," ಎಂದರು. ಪ್ಲಾಂಟ್ ಹೆಡ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ತಮಗೆ ಬಾರದ ಕನ್ನಡದಲ್ಲಿ "ತಪ್ಪು ನಮದು" ಎಂದರು. ಆ ಎರಡು ಪದಗಳನ್ನು ಅವರು ತುಮಕೂರಿನವನಿಂದ ಕೇಳಿ ಕಲಿತಿದ್ದರಂತೆ. ಪತ್ರವನ್ನು ಪ್ಲಾಂಟ್ ಹೆಡ್‌ರ ಮುಂದೆಯೇ ಹರಿದೆ.

ಈಗಲೂ ನಮ್ಮ ಮೀಟಿಂಗಿನಲ್ಲಿ ಸಮಸ್ಯೆ ಬಂದರೆ ಫೋನ್‌ಗಳು ಮೇಜಿನ ಮೇಲೆ ಸಾಲಾಗಿ ಕೂರುತ್ತವೆ, ನಾವು ಸುತ್ತ ನಡೆಯುತ್ತೇವೆ. ಒಂದು ನಿಯಮ ಸೇರಿಸಿದ್ದೇನೆ: ಫೋನ್ ಬಂದರೆ ಅದರವರೂ ಬರಬೇಕು. ಬೇರೆ ಎರಡು ಲೈನಿನವರು ಇದನ್ನು ನಮ್ಮಿಂದ ನೋಡಿ ಶುರುಮಾಡಿದ್ದಾರೆ, ನಾನು ಯಾರಿಗೂ ಹೇಳಿಕೊಟ್ಟದ್ದಲ್ಲ.

ಟ್ರಾಲಿಯಲ್ಲಿ ಆರಿಸುವ ಕೆಲಸವನ್ನು ಇನ್ನು ಯಾರೂ ಚೀಟಿ ಅಂಟಿಸಿ ತೆಗೆಯಬಾರದೆಂದು ಅದಕ್ಕೊಂದು ಕ್ರಮದ ಹಾಳೆ ತಯಾರಿಸಿದೆ. ಅದರ ಕೆಳಗೆ 'ಸಿದ್ಧಪಡಿಸಿದವರು' ಎಂಬ ಜಾಗದಲ್ಲಿ ಅಕ್ಕನ ಪೂರ್ತಿ ಹೆಸರು ಬರೆದೆ. ದಾಖಲೆ ವಿಭಾಗದವರು ಹಾಳೆಯನ್ನು ವಾಪಸ್ ಕಳಿಸಿದರು. ಗುತ್ತಿಗೆಯವರಿಗೆ ನೌಕರರ ನಂಬರು ಇಲ್ಲ, ನಂಬರಿಲ್ಲದ ಹೆಸರನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಎಂದರು. ಮತ್ತೆ ಅದೇ ಹೆಸರಿನೊಂದಿಗೆ ಕಳಿಸಿದೆ. ಮತ್ತೆ ಬಂತು. ಮೂರನೆಯ ಸಲ ನಾನೇ ಹೋಗಿ ಅವರ ಮೇಜಿನ ಮುಂದೆ ನಿಂತೆ. ನಂಬರಿನ ಜಾಗದಲ್ಲಿ ಒಂದು ಅಡ್ಡಗೆರೆ ಎಳೆಸಿ, ಠಸ್ಸೆ ಹಾಕಿಸಿಕೊಂಡೇ ಬಂದೆ.

ಹಾಳೆಯನ್ನು ತೊಳೆಯುವ ಮಷಿನ್ನಿನ ಪಕ್ಕ ಅಂಟಿಸಿದೆ. ಅಕ್ಕ ಕೈಗವಸು ಬಿಚ್ಚಿ, ಮರಾಠಿಯಲ್ಲಿದ್ದ ಅದನ್ನು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಓದಿದರು. ತಮ್ಮ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಹೆಸರು ಬರೋಬ್ಬರಿ ಅದ ಅಲ್ಲಕ್ಕಾ?" ಎಂದೆ.

"ಹೆಸರು ಬರೋಬ್ಬರಿ ಅದರೀ. ಇಪ್ಪತ್ತೈದು ನಿಮಿಷ ಅಂತ ಬರದೀರಿ, ಅದು ತಪ್ಪ ಅದ. ಬ್ಯಾಸಗ್ಯಾಗ ಅಷ್ಟಕ್ಕ ಆರೂದಿಲ್ರಿ. ಮೂವತ್ತೈದು ಹಾಕ್ರಿ."

ಹಾಳೆಯನ್ನು ಗೋಡೆಯಿಂದ ಬಿಡಿಸಿಕೊಂಡು ಮತ್ತೆ ದಾಖಲೆ ವಿಭಾಗದ ಮೆಟ್ಟಿಲು ಹತ್ತಿದೆ.